ಪ್ರಶ್ನೋತ್ತರ: ಬಿ2 ಜೀವಸತ್ವ ಮತ್ತು ಹತ್ತಿಕಾಯಿಯ ಶಿಲೀಂಧ್ರ

ಪ್ರಶ್ನೆ (ಗೃಹಿಣಿ, ಮೈಸೂರು): ಮೇಡಂ, ಬಾಯಿಯ ಅಂಚು ಒಡೆದಿದ್ದಕ್ಕೆ ವೈದ್ಯರು ನಮ್ಮ ಅತ್ತೆಗೆ ಬಿ ಕಾಂಪ್ಲೆಕ್ಸ್ ಬರೆದುಕೊಟ್ಟಿದ್ದಾರೆ. ಅದರ ಬಿ2 ಅನ್ನು ಕುಲಾಂತರಿ ಶಿಲೀಂಧ್ರದಿಂದ ತೆಗೆಯುತ್ತಾರೆ ಎಂದು ಯಾರೋ ಹೇಳಿದ ಮೇಲೆ ಅವರು ಗುಳಿಗೆ ಮುಟ್ಟುತ್ತಿಲ್ಲ. ಇದು ನಿಜವೇ?

ಉತ್ತರ (ಹುದುಗುವಿಕೆ ತಂತ್ರಜ್ಞೆ): ನಿಜವಿರಬಹುದು. ಬಿ2 ಎಂದರೆ ರೈಬೋಫ್ಲೇವಿನ್. ಇಂದು ಅದನ್ನು ತಯಾರಿಸುವುದು ಮುಖ್ಯವಾಗಿ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದಿಂದ ಇಲ್ಲವೇ ಆಶ್ಬ್ಯಾ ಗಾಸಿಪಿ ಎಂಬ ಶಿಲೀಂಧ್ರದಿಂದ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1990ರಲ್ಲಿ ಈ ಶಿಲೀಂಧ್ರವನ್ನು ಕೆಲಸಕ್ಕೆ ಹಚ್ಚಿತು; 1996ರಲ್ಲಿ ತನ್ನ ಹಳೆಯ ರಾಸಾಯನಿಕ ವಿಧಾನವನ್ನು ಕೈಬಿಟ್ಟಿತು.

ಆದರೆ ಗುಳಿಗೆಗೆ ಸೇರುವುದು ಶಿಲೀಂಧ್ರವಲ್ಲ. ತೊಟ್ಟಿಯಲ್ಲಿ ಬೆಳೆದದ್ದನ್ನು ಕಾಯಿಸಿ ಕೊಲ್ಲುತ್ತಾರೆ. ರೈಬೋಫ್ಲೇವಿನ್ ನೀರಿನಲ್ಲಿ ಅಷ್ಟಾಗಿ ಕರಗದೆ ಹರಳುಗಟ್ಟುತ್ತದೆ. ಆ ಹರಳನ್ನು ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ. ಹಾಲಿನಲ್ಲಿರುವ ರೈಬೋಫ್ಲೇವಿನ್‌ಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಎರಡೂ ಒಂದೇ ಅಣು. ದಯವಿಟ್ಟು ಔಷಧ ನಿಲ್ಲಿಸಬೇಡಿ. ಮೂತ್ರ ಗಾಢ ಹಳದಿಯಾದರೆ ಗಾಬರಿ ಬೇಡ, ದೇಹಕ್ಕೆ ಹೆಚ್ಚಾದ ಬಿ2 ಹೊರಹೋಗುವ ರೀತಿ ಅದು. ಅವರು ಸಸ್ಯಾಹಾರಿಗಳಾಗಿದ್ದರೆ ವಿಚಾರಿಸಬೇಕಾದದ್ದು ಕ್ಯಾಪ್ಸೂಲಿನ ಹೊದಿಕೆಯನ್ನು. ಜಿಲೆಟಿನ್ ಆದರೆ ಅದು ಪ್ರಾಣಿಮೂಲದ್ದು.

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ): ಮೇಡಂ, ಶಿಲೀಂಧ್ರದಲ್ಲಿ ನಿಜವಾಗಿ ಏನನ್ನು ಬದಲಾಯಿಸುತ್ತಾರೆ? ಬೇರೆ ಜೀವಿಯ ವಂಶವಾಹಿ ತುಂಬುತ್ತಾರೆಯೇ?

ಉತ್ತರ: ಬಹುಮಟ್ಟಿಗೆ ಅದರದೇ ವಂಶವಾಹಿಗಳನ್ನು ತಿದ್ದುತ್ತಾರೆ. ತಿದ್ದದ ಕಾಡು ತಳಿಯೇ ಬಿ2 ಸುರಿಸುತ್ತದೆ. ಪೆಟ್ರಿ ತಟ್ಟೆಯಲ್ಲಿ ಬೆಳೆಸಿ ನೋಡಿ: ಅಂಚಿನಲ್ಲಿ ಎಳೆಯ ತಂತುಗಳು ಬಿಳಿ, ನಡುವಿನ ಹಳೆಯ ಭಾಗ ಅಚ್ಚ ಹಳದಿ. ಬೆಳವಣಿಗೆ ನಿಧಾನಿಸಿ ಬೀಜಕಣ ಕಟ್ಟುವ ಹೊತ್ತಿಗೆ ಈ ಬಣ್ಣ ಏರುತ್ತದೆ. ನೋಟು ಪರೀಕ್ಷಿಸುವ ನೇರಳಾತೀತ ದೀಪ ಹಿಡಿದರೆ ಹಸಿರು-ಹಳದಿಯಾಗಿ ಹೊಳೆಯುತ್ತದೆ.

ಒಂದು ರೈಬೋಫ್ಲೇವಿನ್ ಅಣು ಕಟ್ಟಲು ಒಂದು ಜಿಟಿಪಿ, ಎರಡು ರಿಬುಲೋಸ್-5-ಫಾಸ್ಫೇಟ್ ಎಂಬ ಕಚ್ಚಾ ಅಣುಗಳು ಬೇಕು. ಜಿಟಿಪಿ ಬರುವುದು ಪ್ಯೂರಿನ್ ದಾರಿಯಿಂದ, ಅಂದರೆ ಡಿಎನ್‌ಎಗೂ ಬೇಕಾದ ಪ್ಯೂರಿನ್ ಅಣುಗಳನ್ನು ಜೀವಕೋಶ ಹಂತಹಂತವಾಗಿ ಕಟ್ಟುವ ಕ್ರಿಯಾಸರಣಿಯಿಂದ. ಆ ದಾರಿಯ ಮೊದಲ ಕಿಣ್ವವನ್ನು (ಕ್ರಿಯೆ ನಡೆಸುವ ಪ್ರೋಟೀನನ್ನು) ರೂಪಿಸುವುದು ಎಡಿಇ4 ವಂಶವಾಹಿ. ಜೀವಕೋಶದಲ್ಲಿ ಪ್ಯೂರಿನ್ ಸಾಕಷ್ಟಾದ ಕೂಡಲೇ ಈ ಕಿಣ್ವ ಕೆಲಸ ತಗ್ಗಿಸುತ್ತದೆ. ಶಿಲೀಂಧ್ರಕ್ಕೆ ಅದೇ ಜಾಣತನ, ನಮಗೆ ಅದೇ ಅಡ್ಡಿ. ಸ್ಪೇನಿನ ಸಲಮಾಂಕಾದ ಸಂಶೋಧಕರು ಕಿಣ್ವದ ಕೆಲವು ಅಮೈನೋ ಆಮ್ಲಗಳನ್ನು ಬದಲಿಸಿ, ‘ಸಾಕು’ ಎಂಬ ಸೂಚನೆ ಅದಕ್ಕೆ ತಟ್ಟದಂತೆ ಮಾಡಿದರು. ವಂಶವಾಹಿಯೂ ಸದಾ ಚುರುಕಾಗಿರುವಂತೆ ನೋಡಿಕೊಂಡರು. 2005ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಬಿ2 ಹತ್ತು ಪಟ್ಟು ಹೆಚ್ಚಿತು.

ನನಗೆ ಇನ್ನೂ ಮೆಚ್ಚುಗೆಯಾಗುವುದು ರಸದಾನಿಯ (ಜೀವಕೋಶದೊಳಗಿನ ಸಂಗ್ರಹ ಚೀಲದ) ಕಥೆ. ತಯಾರಾದ ಬಿ2ರಲ್ಲಿ ಒಂದು ಪಾಲು ಶಿಲೀಂಧ್ರದ ರಸದಾನಿಯೊಳಗೆ ಸಿಕ್ಕಿಕೊಳ್ಳುತ್ತದೆ. ವಿಎಂಎ1 ವಂಶವಾಹಿಯನ್ನು ಕೆಡಿಸಿದರೆ ರಸದಾನಿಯೊಳಗೆ ಪ್ರೋಟಾನುಗಳನ್ನು ತಳ್ಳುವ ಪಂಪು ನಿಲ್ಲುತ್ತದೆ, ಅಲ್ಲಿ ಕೂಡಿಡುವುದೂ ನಿಲ್ಲುತ್ತದೆ, ಬಿ2 ಹೊರಗಿನ ದ್ರವಕ್ಕೆ ಬರುತ್ತದೆ. ಉತ್ಪಾದನೆಯ ದಾರಿಗೆ ಕೈ ಹಾಕದೆ ಇಳುವರಿ ಪಡೆದದ್ದು ಇದು. ಗ್ಲೈಸಿನ್ ಎಂಬ ಅಮೈನೋ ಆಮ್ಲದ ಪೂರೈಕೆ ಹೆಚ್ಚಿಸುವುದು, ಸೋಯಾ ಎಣ್ಣೆಯನ್ನು ಆಹಾರವಾಗಿ ಚೆನ್ನಾಗಿ ಬಳಸುವ ತಳಿ ಆಯ್ದುಕೊಳ್ಳುವುದು ಮುಂತಾದವೂ ಇವೆ. ತಳಿ ಆಯ್ಕೆ ಹಳೆಯ ಪದ್ಧತಿ, ಅದಕ್ಕೆ ವಂಶವಾಹಿ ತಿದ್ದುವ ಅಗತ್ಯವಿಲ್ಲ.

ಇಷ್ಟೆಲ್ಲ ಕೂಡಿ, ಕಾರ್ಖಾನೆಯ ತಳಿಗಳು ತೊಟ್ಟಿಯ ದ್ರವದ ಲೀಟರಿಗೆ 20 ಗ್ರಾಂಗಿಂತ ಹೆಚ್ಚು ಬಿ2 ಕೊಡುತ್ತವೆ. ಒಬ್ಬರಿಗೆ ದಿನಕ್ಕೆ ಬೇಕಾದದ್ದು ಸುಮಾರು 2 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ: ಒಂದು ಲೀಟರಿನಲ್ಲಿ ಹತ್ತು ಸಾವಿರ ಜನರ ಒಂದು ದಿನದ ಪಾಲು!

ಪ್ರಶ್ನೆ (ಹತ್ತಿ ಬೆಳೆಗಾರ, ಹಾವೇರಿ): ಈ ಶಿಲೀಂಧ್ರದ ‘ಗಾಸಿಪಿ’ ಎಂಬ ಹೆಸರಿನಲ್ಲೇ ಹತ್ತಿ ಇದೆಯಂತೆ. ನಮ್ಮ ಬೆಳೆಗೆ ಅಪಾಯವೇ ಮೇಡಂ?

ಉತ್ತರ: ಅದು ಮೂಲತಃ ಹತ್ತಿಕಾಯಿಯ ರೋಗಕಾರಕವೇ ಹೌದು, ಅದರ ವಿವರಣೆ ಪ್ರಕಟವಾದದ್ದು 1926ರಲ್ಲಿ. ಆದರೆ ಅದು ತಾನಾಗಿ ಕಾಯಿಯೊಳಗೆ ನುಗ್ಗಲಾರದು. ಕೆಂಪು ತಿಗಣೆಯಂಥ ರಸ ಹೀರುವ ಕೀಟ ಚುಚ್ಚಿದಾಗ ಸೂಜಿಯಾಕಾರದ ಬೀಜಕಣಗಳು ಒಳಸೇರಿ ಅರಳೆಗೆ ಕಲೆ ಬೀಳುತ್ತದೆ. ಆದ್ದರಿಂದ ತಿಗಣೆಯನ್ನು ಹತೋಟಿಯಲ್ಲಿಡಿ. ಅರಳೆಯ ಕಲೆಗೆ ಬೇರೆ ಕಾರಣಗಳೂ ಇರುವುದರಿಂದ ಕಲೆಬಿದ್ದ ಕಾಯಿಯನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ಕಾರ್ಖಾನೆಯ ತಳಿ ಮುಚ್ಚಿದ ತೊಟ್ಟಿಯಲ್ಲೇ ಬೆಳೆಯುತ್ತದೆ.

ಪ್ರಶ್ನೆ (ಅದೇ ವಿದ್ಯಾರ್ಥಿ): ಬಿ12 ಅನ್ನೂ ಇದೇ ಶಿಲೀಂಧ್ರದಿಂದ ಮಾಡಿಸಬಹುದೇ?

ಉತ್ತರ: ಸದ್ಯಕ್ಕೆ ಆ ಆಸೆ ಬೇಡ. ಬಿ12 ಕಟ್ಟುವ ಶಕ್ತಿ ಕೆಲವು ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ (ಬ್ಯಾಕ್ಟೀರಿಯಾದಂತೆ ಕಾಣುವ ಬೇರೊಂದು ಗುಂಪಿನ ಸೂಕ್ಷ್ಮಜೀವಿ)ಗಳಿಗಷ್ಟೇ ಇದೆ, ಯಾವ ಶಿಲೀಂಧ್ರಕ್ಕೂ ಇಲ್ಲ. ಬಿ2 ವಿಷಯದಲ್ಲಿ ಶಿಲೀಂಧ್ರದಲ್ಲಿ ಮೊದಲೇ ಇರುವ ದಾರಿಯನ್ನು ಸಡಿಲಿಸಿದರೆ ಸಾಕಿತ್ತು; ಇಲ್ಲಿ ಹತ್ತಾರು ಕಿಣ್ವಗಳ ಇಡೀ ದಾರಿಯನ್ನೇ ಹೊರಗಿನಿಂದ ತಂದು ಕಟ್ಟಬೇಕು. ಕಾರ್ಖಾನೆಗಳು ಬಿ12ಗೆ ಸ್ಯೂಡೋಮೊನಾಸ್ ಡಿನೈಟ್ರಿಫಿಕನ್ಸ್‌ನಂಥ ಬ್ಯಾಕ್ಟೀರಿಯಾಗಳನ್ನು ಬಳಸುವುದು ಅದಕ್ಕಾಗಿಯೇ.