ಚಾಫ್ ಕಟರ್: ಬೆಲ್ಟ್ ಜಾರ್ತಿದೆ, ಸುಟ್ಟ ವಾಸನೆ, ತಲೆ ಕೆಟ್ಟೋಗಿದೆ

ಸೀಮೆಹಸು: ಮೇವು ಕತ್ತರಿಸೋ ಮಿಷಿನ್ನು, ಎರಡು ಎಚ್‌ಪಿ ಮೋಟರ್. ಖಾಲಿ ಓಡಿಸಿದ್ರೆ ಏನೂ ತಕರಾರಿಲ್ಲ. ಜೋಳದ ದಂಟು ಕೊಟ್ಟ ತಕ್ಷಣ ಕಿರ್ರೋ ಅಂತ ಬೆಲ್ಟ್ ಜಾರತ್ತೆ, ಬ್ಲೇಡಿನ ಚಕ್ರ ನಿಲ್ಲತ್ತೆ. ಹೊಸ ಬೆಲ್ಟಿಗೂ ಅದೇ ಗತಿ. ಮೊದ್ಲು ಚೆನ್ನಾಗೇ ಇತ್ತು. ಹಸುಗಳು ಕೂಗ್ತಿವೆ, ಬೇಗ ಹೇಳಿ.

ವೈಂಡಿಂಗ್ ಬಾಸ್: ವೋಲ್ಟೇಜ್ ಎಷ್ಟಿದೆ? ಮೋಟರಿಗೆ ಸ್ಟಾರ್ಟ್ ಕೊಡೋ ಕೆಪಾಸಿಟರ್ ಬದಲಾಯಿಸಿ.

ಸೀಮೆಹಸು: ಮೋಟರ್ ಜೋರಾಗೇ ತಿರುಗ್ತಿದೆ ಸಾರ್. ನಿಲ್ಲೋದು ಚಕ್ರ.

ವೈಂಡಿಂಗ್ ಬಾಸ್: ಆದ್ರೂ ಕೆಪಾಸಿಟರ್ ಒಂದ್ಸಲ ನೋಡಿ.

ಗಿರಣಿ ಮಂದಿ: ಪಟ್ಟಾಕ್ಕ ರಾಳದ ಪುಡಿ ಹಾಕ್ರಿ. ನಮ್ಮಜ್ಜನ ಕಾಲದಿಂದ ಹಂಗ ಮಾಡ್ತೀವಿ.

ಲೇತ್ ಹುಚ್ಚ: ನಿಮ್ಮ ಗಿರಣಿದು ಚಪ್ಪಟೆ ಪಟ್ಟಾ ರೀ, ಇವ್ರದು ವಿ-ಬೆಲ್ಟ್. ವಿ-ಬೆಲ್ಟ್ ಬೆಣೆ ಥರ ಎರಡು ಪಕ್ಕದಲ್ಲಿ ಕಚ್ಚಿಕೊಳ್ಳೋದು, ತಳ ಮುಟ್ಟಲೇಬಾರದು. ರಾಳಕ್ಕೆ ಹೊಟ್ಟು, ಧೂಳು ಅಂಟಿ ಬೆಲ್ಟೇ ಹಾಳಾಗತ್ತೆ. ಅದಿರ್ಲಿ, ಸೀಮೆಹಸು ಅವ್ರೇ, ನಿಮ್ದು ಎ ಬೆಲ್ಟಾ ಬಿ ಬೆಲ್ಟಾ? ಎ ಅಗಲ 13 ಮಿ.ಮೀ., ಬಿ 17.

ಗಿರಣಿ ಮಂದಿ: ಓದಿದವರ ಮಾತು ಬ್ಯಾರೆ, ದುಡಿದವರ ಮಾತು ಬ್ಯಾರೆ.

ಸೀಮೆಹಸು: ಬಿ. ಮೋಟರಿನ ಪುಲ್ಲಿ, ಅದೇ ಬೆಲ್ಟ್ ಕೂರೋ ಗಾಲಿ, ಅದರ ಪಕ್ಕ ಫಳಫಳ ಹೊಳೀತಿದೆ. ಪುಲ್ಲಿನೂ ಹೊಸದೇ, ನಾಲ್ಕಿಂಚಿಂದು ತೆಗೆದು ಎರಡೂವರೆ ಹಾಕಿಸಿದೀನಿ. ಮೇವು ತೀರಾ ಸಣ್ಣ ಬೀಳ್ತಿತ್ತು, ಸ್ಪೀಡ್ ಇಳಿಸಿದ್ರೆ ಉದ್ದ ಬರತ್ತೆ ಅಂತ ಅಂಗಡಿಯವನು ಹೇಳಿದ.

ಲೇತ್ ಹುಚ್ಚ: ಇದನ್ನ ಮೊದಲೇ ಹೇಳೋದಲ್ವಾ ಮಾರಾಯ್ರೆ! ಎರಡು ಎಚ್‌ಪಿ ಅಂದ್ರೆ ಸುಮಾರು 1500 ವ್ಯಾಟ್. ಬೆಲ್ಟ್ ದಾಟಿಸೋ ಶಕ್ತಿ ಅಂದ್ರೆ ಎಳೆತ ಗುಣಿಸು ಬೆಲ್ಟಿನ ವೇಗ. ಮೋಟರ್ ನಿಮಿಷಕ್ಕೆ 1440 ಸುತ್ತು ತಿರುಗಿದ್ರೆ ನಾಲ್ಕಿಂಚು ಪುಲ್ಲಿಲಿ ಬೆಲ್ಟ್ ಸೆಕೆಂಡಿಗೆ 7.7 ಮೀಟರ್ ಓಡತ್ತೆ, 20 ಕೆ.ಜಿ. ಎಳೆತ ಸಾಕು. ಎರಡೂವರೆಲಿ ವೇಗ 4.8ಕ್ಕೆ ಇಳೀತು, ಅದೇ ಶಕ್ತಿಗೆ ಈಗ 32 ಕೆ.ಜಿ. ಬೇಕು. ಅತ್ತ ಬೆಲ್ಟ್ ಅಪ್ಪಿಕೊಳ್ಳೋ ಜಾಗವೂ ಕಮ್ಮಿಯಾಯ್ತು. ಜಾರದೆ ಇನ್ನೇನ್ಮಾಡತ್ತೆ? ಬಿ ಬೆಲ್ಟಿಗೆ ಐದಿಂಚಾದ್ರೂ ಇರ್ಲಿ ಅಂತಾರೆ, ನಾಲ್ಕಲ್ಲಿ ಹೇಗೋ ನಡೀತಿತ್ತು.

ಇನ್ನೊಂದು. ತುಂಡಿನ ಉದ್ದಕ್ಕೂ ಮೋಟರ್ ಸ್ಪೀಡಿಗೂ ಸಂಬಂಧವೇ ಇಲ್ಲ. ಮೇವು ಒಳಗೆಳೆಯೋ ರೋಲರ್ ತಿರುಗೋದೂ ಅದೇ ಚಕ್ರದ ಶಾಫ್ಟಿಂದ, ಗೇರ್ ಮೂಲಕ. ಚಕ್ರ ನಿಧಾನ ಆದ್ರೆ ರೋಲರೂ ನಿಧಾನ. ಉದ್ದ ಬೇಕಂದ್ರೆ ಗೇರ್ ಬದಲಿಸಿ. ಅಂಗಡಿಯವನಿಗೆ ಪುಲ್ಲಿ ಮಾರ್ಬೇಕಿತ್ತು, ಅಷ್ಟೆ.

ಗಿರಣಿ ಮಂದಿ: ನಮ್ಮಲ್ಲಿ 10 ಎಚ್‌ಪಿ ಡೀಸೆಲ್ ಎಂಜಿನ್, ಆರಿಂಚ್ ಅಗಲದ ಪಟ್ಟಾ. ನಡುವ ಒಂದು ಅಡ್ಡ ತಿರುವು ಹಾಕಿದ್ರ ಚಕ್ರ ಉಲ್ಟಾ ತಿರುಗತೈತಿ. ಒಂದಿನಾ ಜಾರಿಲ್ಲ.

ಲೇತ್ ಹುಚ್ಚ: ಜಾರಿಲ್ಲ ಅಂದ್ಮೇಲೆ ರಾಳ ಯಾಕ್ರೀ?

ಸೀಮೆಹಸು: ಹಳೆ ಪುಲ್ಲಿ ಗುಜರಿಗೆ ಹೋಯ್ತು. ತಿಪಟೂರು ಕಡೆ ನಾಲ್ಕಿಂಚಿಂದು ಯಾರ ಹತ್ರ ಇದೆ? ಮೋಟರ್ ಶಾಫ್ಟ್ 24 ಮಿ.ಮೀ., ಪುಲ್ಲಿ ಜಾರದ ಹಾಗೆ ಹಿಡಿಯೋ ಕೀ 8.

ಗಿರಣಿ ಮಂದಿ: ನನ್ನ ಹಂತ್ಯಾಕ ಐತಿ, ನಡುವಿನ ತೂತು (ಬೋರ್) 28. ಸಂದಿಗೆ ಬುಷ್, ಅಂದ್ರ ಸಣ್ಣ ಕೊಳವಿ, ಹಾಕಿಸ್ಕೋರಿ, ಪಾರ್ಸಲ್ ಮಾಡ್ತೀನಿ.

ಲೇತ್ ಹುಚ್ಚ: ಎರಡು ಮಿ.ಮೀ. ದಪ್ಪದ ಬುಷ್ಷಲ್ಲಿ ಕೀ ಕೂರೋ ಕಚ್ಚು (ಕೀವೇ) ಎಲ್ಲಿ ಕೊರೀತೀರಿ?

ವೈಂಡಿಂಗ್ ಬಾಸ್: ಕೆಪಾಸಿಟರ್ ಚೆಕ್ ಮಾಡಿದ್ರಾ?