ನೋಡಿದ ಮೇಲೆ ಮನೆಯಲ್ಲಿ ಜಗಳ ಹುಟ್ಟಿಸುವ ಹಳೆಯ ಸಿನಿಮಾಗಳನ್ನು ಹೇಳಿ

ಮಂಡ್ಯದ ಮೇಡಂ

ನೋಡಲೇಬೇಕಾದ ಹತ್ತು ಚಿತ್ರಗಳು, ಎಂದೂ ಮಾಸದ ಇಪ್ಪತ್ತು ಚಿತ್ರಗಳು ಎಂಬಂಥ ಪಟ್ಟಿಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಆ ಹೆಸರುಗಳೆಲ್ಲ ನನಗೆ ಬಾಯಿಪಾಠ. ನಾನು ಕೇಳುತ್ತಿರುವುದೇ ಬೇರೆ.

ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಒಂದು ಹಳೆಯ ಕನ್ನಡ ಸಿನಿಮಾ ನೋಡುವ ರೂಢಿ ಬೆಳೆದಿದೆ. ಅಮ್ಮ, ಅತ್ತಿಗೆ, ಮೈಸೂರಿನಲ್ಲಿ ನರ್ಸಿಂಗ್ ಓದುತ್ತಾ ವಾರದ ಕೊನೆಗೆ ಊರಿಗೆ ಬರುವ ಅಣ್ಣನ ಮಗಳು, ಮತ್ತೆ ನಾನು. ಅಣ್ಣ ಹಾಡು ಬಂದಾಗ ಮಾತ್ರ ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಾನೆ. ಮೊದಮೊದಲು ಎಲ್ಲರೂ ಸೇರಿ ಕಣ್ಣೊರೆಸಿಕೊಂಡು ಊಟಕ್ಕೆ ಏಳುತ್ತಿದ್ದೆವು. ‘ಶರಪಂಜರ’ ಹಾಕಿದ ದಿನ ಮಾತ್ರ ಊಟ ತಣ್ಣಗಾಗುವವರೆಗೂ ವಾದ ನಡೆಯಿತು. 1971ರಲ್ಲಿ ಅದು ತೆರೆಗೆ ಬಂದಾಗ ಅಮ್ಮ ಹೊಸದಾಗಿ ಮದುವೆಯಾದವರು. ನಾಯಕಿ ಕಾವೇರಿಯ ಗಂಡನದು ತಪ್ಪೇ ಆದರೂ ಗಂಡಸು ಎಷ್ಟೆಂದು ತಾಳಿಕೊಳ್ಳುತ್ತಾನೆ ಎಂದು ಆಗ ತಾವೂ ತಮ್ಮ ಓರಗಿತ್ತಿಯರೂ ಮಾತಾಡಿಕೊಂಡಿದ್ದರಂತೆ. ಈಗ ಅದೇ ಅಮ್ಮ ಟಿ.ವಿ.ಯ ಕಡೆ ಕೈ ತೋರಿಸಿ, ‘ಇವನಿಗೆ ಆ ಮನೆಯಲ್ಲಿ ಒಂದು ಲೋಟ ನೀರು ಕೊಡಬಾರದಿತ್ತು’ ಎಂದರು. ಅಣ್ಣನ ಮಗಳದು ಇನ್ನೊಂದು ದಾರಿ: ಹೆರಿಗೆಯ ನಂತರ ಶುರುವಾದ ಕಾಯಿಲೆ ಅದು, ಚಿಕಿತ್ಸೆಯಾಗಿ ಗುಣವಾಗಿ ಬಂದವಳನ್ನು ಮನೆಯವರು ಅನುಮಾನದಿಂದಲೇ ಮತ್ತೆ ಹುಚ್ಚಿಯನ್ನಾಗಿ ಮಾಡಿದರು, ಗಂಡನೊಬ್ಬನನ್ನೇ ಬೈದು ಉಳಿದವರನ್ನು ಏಕೆ ಬಿಡುತ್ತೀರಿ ಎಂದು ಕೇಳಿದಳು. ಅಡುಗೆಯವರಿಂದ ಹಿಡಿದು ಅಕ್ಕಪಕ್ಕದವರವರೆಗೆ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡಳು. ಅತ್ತಿಗೆ ಏನೂ ಹೇಳಲಿಲ್ಲ; ಅತ್ತೆಯ ಎದುರು ಸೊಸೆ ಈ ವಿಷಯದಲ್ಲಿ ಏನು ಹೇಳಿಯಾಳು!

ಆಮೇಲೆ ‘ನಾಗರಹಾವು’ ನೋಡಿದೆವು. ಇಲ್ಲಿ ಸಿಕ್ಕಿಬಿದ್ದವಳು ನಾನು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳಾದ್ದರಿಂದ ಚಾಮಯ್ಯ ಮೇಷ್ಟ್ರ ಮೇಲೆ ನನಗೆ ಹುಟ್ಟಾ ಭಕ್ತಿ. ಮೈಸೂರಿನವರೇ ಆದ ಕೆ.ಎಸ್. ಅಶ್ವಥ್ ಅವರ ಆ ಮೆಲುದನಿ ಕೇಳಿದರೆ ಯಾರಿಗೆ ತಾನೇ ಕೈ ಮುಗಿಯಬೇಕೆನಿಸುವುದಿಲ್ಲ? ಆದರೆ ಈ ಸಲ ನೋಡುವಾಗ ಕೈ ಮೇಲೇಳಲಿಲ್ಲ. ಶಿಷ್ಯ ರಾಮಾಚಾರಿಗೆ ತಮ್ಮ ಮೇಲಿರುವ ಪ್ರೀತಿಯನ್ನೇ ಹಿಡಿದುಕೊಂಡು ಮೇಷ್ಟ್ರು ಅವನಿಂದ ಅವನು ಪ್ರೀತಿಸಿದ ಅಲಮೇಲುವನ್ನು ಬಿಡಿಸುತ್ತಾರೆ. ಕೇಳಿದವರು ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಹುಡುಗ ಒಪ್ಪುತ್ತಾನೆ. ಅಲಮೇಲುವನ್ನು ಯಾರೂ ಕೇಳುವುದೇ ಇಲ್ಲ. ಅವಳ ಬದುಕು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಅವನು ಮುಂದೆ ಪ್ರೀತಿಸುವ ಮಾರ್ಗರೆಟ್ ವಿಷಯಕ್ಕೆ ಬರುವಾಗಲೂ ಮೇಷ್ಟ್ರು ಕಲಿತದ್ದು ಏನೂ ಇಲ್ಲ. ನನ್ನ ತರಗತಿಯಲ್ಲಿ ನಾನು ಹೇಳಿದ್ದೇ ವೇದವಾಕ್ಯ ಎಂದುಕೊಳ್ಳುವ ಒಬ್ಬಿಬ್ಬರು ಪ್ರತಿ ವರ್ಷವೂ ಇರುತ್ತಾರೆ. ಅಂಥವರನ್ನು ಕಂಡರೆ ನನಗೆ ಹೆಮ್ಮೆಗಿಂತ ಅಂಜಿಕೆಯೇ ಹೆಚ್ಚು. ಇಷ್ಟು ಹೇಳಿದ್ದಕ್ಕೆ ಅಮ್ಮ ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ‘ಮೇಷ್ಟ್ರು ಅವನಿಗೆ ಕೇಡು ಬಯಸಿದರೇನು?’ ಎಂಬುದು ಅವರ ಪ್ರಶ್ನೆ. ಬಯಸಲಿಲ್ಲ ನಿಜ. ಆದರೂ ಆಯಿತಲ್ಲ!

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಮೊದಲ ಸಲ ನೋಡಿದಾಗ ಒಬ್ಬರ ಪಕ್ಷ ವಹಿಸಿ, ವಯಸ್ಸಾದ ಮೇಲೆ ಮತ್ತೆ ನೋಡಿದಾಗ ಇನ್ನೊಬ್ಬರ ಪಕ್ಷಕ್ಕೆ ಜಾರಿದ ಸಿನಿಮಾ ನಿಮಗೆ ಯಾವುದು? 1990ರೊಳಗಿನದಾದರೆ ಒಳ್ಳೆಯದು. ಯಾರ ಪಕ್ಷ, ಏಕೆ ಎಂಬುದನ್ನೂ ಬರೆಯಿರಿ.

ಕಬ್ಬಿನ ಗದ್ದೆ

ಮೇಡಂ, ‘ಬಂಗಾರದ ಮನುಷ್ಯ’ ಎಂದರೆ ಪಟ್ಟಿಯ ಮಾತಾಯಿತು ಎಂದು ಬೈಯಬೇಡಿ. ನಾನು ಪಾಂಡವಪುರದ ಕಡೆಯ ರೈತ. ನಮ್ಮ ತಂದೆಗೆ ಅದು ಸಿನಿಮಾ ಅಲ್ಲ, ಪುರಾಣ. ಕಲ್ಲುನೆಲವನ್ನು ಒಡೆದು ಹಸಿರು ಮಾಡಿದ ರಾಜೀವ ಕೊನೆಯಲ್ಲಿ ಅಕ್ಕನ ಮಗ ಆಡಿದ ಮಾತಿಗೆ ನೊಂದು ಎಲ್ಲವನ್ನೂ ಬಿಟ್ಟು ಹೊರಟುಬಿಡುತ್ತಾನೆ. ತಂದೆ ಅಲ್ಲಿ ಪ್ರತಿ ಸಲವೂ ಅಳುತ್ತಾರೆ. ನನಗೋ ಕೋಪ ಬರುತ್ತದೆ. ದುಡಿದ ಜಮೀನನ್ನು ಹಾಗೆ ಬಿಟ್ಟು ಹೋಗುವುದು ಯಾವ ನ್ಯಾಯ? ಊರಿನ ನಾಲ್ಕು ಜನರನ್ನು ಕೂರಿಸಿ, ಇಷ್ಟು ನನ್ನದು, ಇಷ್ಟು ನಿಮ್ಮದು ಎಂದು ಭಾಗ ಮಾಡಿಸಿದ್ದರೆ ಆ ಹುಡುಗನಿಗೂ ಬುದ್ಧಿ ಬರುತ್ತಿತ್ತು, ಜಮೀನೂ ಹಾಳಾಗುತ್ತಿರಲಿಲ್ಲ. ಇದನ್ನು ತಂದೆಯ ಎದುರು ಒಮ್ಮೆ ಹೇಳಿ ನೋಡಿದೆ. ‘ಅದಕ್ಕೇ ನಿನ್ನನ್ನು ಯಾರೂ ಬಂಗಾರದ ಮನುಷ್ಯ ಎನ್ನುವುದಿಲ್ಲ’ ಎಂದರು.

ಆದರೆ ನಿಮಗೆ ನಾನು ನಿಜವಾಗಿ ಹೇಳಬೇಕೆಂದಿರುವುದು ಅದನ್ನು ನಿರ್ದೇಶಿಸಿದ ಸಿದ್ದಲಿಂಗಯ್ಯನವರದೇ ‘ಭೂತಯ್ಯನ ಮಗ ಅಯ್ಯು’, 1974. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ. ಎಲ್ಲರೂ ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವ ದೃಶ್ಯವನ್ನೇ ನೆನೆಯುತ್ತಾರೆ, ನೆನೆಯಲಿ. ಚಿಕ್ಕವನಿದ್ದಾಗ ನಾನು ವಿಷ್ಣುವರ್ಧನ್ ಮಾಡಿದ ಗುಳ್ಳನ ಕಡೆ. ಭೂತಯ್ಯನಾಗಿ ಮೈಸೂರಿನ ಎಂ.ಪಿ. ಶಂಕರ್ ಕಣ್ಣು ಬಿಟ್ಟರೆ ಸಾಕು, ಅವನ ವಂಶವೇ ಹಾಳಾಗಲಿ ಎನಿಸುತ್ತಿತ್ತು. ಈಗ ನೋಡಿದರೆ ನಾನು ಲೋಕೇಶ್ ಮಾಡಿದ ಅಯ್ಯು ಕಡೆ. ಅಪ್ಪನ ಪಾಪವನ್ನು ಮಗನ ತಲೆಗೆ ಕಟ್ಟಿದ ಊರಿದೆಯಲ್ಲ, ಅದು ನಮ್ಮ ಊರೂ ಹೌದು. ಕೋರ್ಟು ಕಚೇರಿ ಎಂದು ಇಬ್ಬರೂ ಹಟಕ್ಕೆ ಬಿದ್ದು ಕರಗುವ ಭಾಗವಂತೂ ಮಂಡ್ಯ ಜಿಲ್ಲೆಯ ಯಾವ ಮನೆಯಲ್ಲಿ ಹಾಕಿದರೂ ಯಾರಾದರೊಬ್ಬರು ಎದ್ದು ಹೊರಗೆ ಹೋಗುತ್ತಾರೆ.

ಹಳೆಯ ಆಪರೇಟರ್

ನಾನು ಮಳವಳ್ಳಿ, ಮದ್ದೂರು ಕಡೆಯ ಟೂರಿಂಗ್ ಟಾಕೀಸ್‌ಗಳಲ್ಲಿ ಪ್ರೊಜೆಕ್ಟರ್ ನಡೆಸಿದವನು. ಒಂದೇ ಸಿನಿಮಾವನ್ನು ದಿನಕ್ಕೆ ಎರಡು ಆಟದಂತೆ ನೋಡಿದವನಿಗೆ ‘ಮತ್ತೆ ನೋಡುವುದು’ ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ. ‘ನಮೋ ವೆಂಕಟೇಶಾ’ ಹಾಡು ಮೈಕಿನಲ್ಲಿ ಬಂತೆಂದರೆ ಟಿಕೆಟ್ ಕೊಡಲು ಶುರು ಎಂದು ಅರ್ಥ. ನೆಲ, ಬೆಂಚು, ಕುರ್ಚಿ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಒಂದೇ ಪ್ರೊಜೆಕ್ಟರ್ ಇದ್ದ ಟೆಂಟಿನಲ್ಲಿ ರೀಲು ಬದಲಿಸುವಾಗಲೆಲ್ಲ ದೀಪ ಹಾಕಬೇಕು. ಆ ಬೆಳಕಿನಲ್ಲಿ ಕಿಂಡಿಯಿಂದ ಕೆಳಗೆ ನೋಡಿದರೆ ಯಾರು ಯಾರ ಪಕ್ಷ ಎಂಬುದು ಮುಖದ ಮೇಲೇ ತಿಳಿಯುತ್ತಿತ್ತು. ಮೇಡಂ ಹೇಳುವ ಜಗಳಗಳು ಬೀಡಿ ಹಚ್ಚುವ ಆ ಹೊತ್ತಿನಲ್ಲೇ ನಡೆಯುತ್ತಿದ್ದವು.

ನನ್ನ ಸಿನಿಮಾ ‘ಕಸ್ತೂರಿ ನಿವಾಸ’. 1971, ದೊರೆ-ಭಗವಾನ್ ನಿರ್ದೇಶನ. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರವಿವರ್ಮ ಕೊಟ್ಟು ಕೊಟ್ಟು ಬರಿಗೈಯಾಗುತ್ತಾನೆ. ಟೆಂಟಿನಲ್ಲಿ ಜನ ಅವನ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ ಚಂದ್ರುವನ್ನು ಬೈಯುತ್ತಿದ್ದರು, ಉಂಡ ಮನೆಗೆ ಎರಡು ಬಗೆದವನು ಎಂದು. ನಾನೂ ಅವರೊಂದಿಗೇ ಇದ್ದೆ. ಮಕ್ಕಳು ಮರಿ ಎಂದಾದ ಮೇಲೆ ಅನ್ನಿಸಿದ್ದು ಬೇರೆ. ರವಿವರ್ಮನದು ದಾನವೋ, ಗರ್ವವೋ? ‘ಕೊಡುವ ಕೈ ನನ್ನದು, ಬೇಡುವ ಕೈ ನನ್ನದಲ್ಲ’ ಎಂಬ ಬಿಂಕ ಅವನನ್ನು ತಿಂದುಹಾಕಿತು ಎಂದೇ ನನ್ನ ತೀರ್ಮಾನ. ರಾಜ್‌ಕುಮಾರ್ ಅಭಿಮಾನಿಗಳು ಮುನಿಸಿಕೊಳ್ಳಬಾರದು. ಆ ಬಿಂಕವನ್ನು ಅವರು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ, ಅದು ಗರ್ವ ಎಂದು ತಿಳಿಯಲು ನನಗೆ ಅರ್ಧ ಆಯಸ್ಸು ಬೇಕಾಯಿತು.

ಇನ್ನೊಂದು ಮಾತು. ಇದು 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ಬಿಡುಗಡೆಯಾಯಿತು, ಜನ ಮುಗಿಬಿದ್ದು ನೋಡಿದರು. ನೀವು ಕಪ್ಪುಬಿಳುಪಿನದನ್ನೇ ಹುಡುಕಿ. ಬೆಳಕು ನೆರಳನ್ನು ಲೆಕ್ಕ ಹಾಕಿ ತೆಗೆದ ಚಿತ್ರಕ್ಕೆ ಮೇಲಿಂದ ಬಳಿದ ಬಣ್ಣ ಒಪ್ಪುವುದಿಲ್ಲ. ಮೊಬೈಲ್‌ನಲ್ಲಿ ಸಿಗುವ ಎಷ್ಟೋ ಹಳೆಯ ಚಿತ್ರಗಳಿಗೆ ಹಾಡಿನ ಜಾಗದಲ್ಲಿ ಕತ್ತರಿ ಬಿದ್ದಿರುತ್ತದೆ. ಹಾಕುವ ಮೊದಲು ಒಟ್ಟು ಅವಧಿ ಎಷ್ಟಿದೆ ಎಂದು ನೋಡಿಕೊಳ್ಳಿ. ಆ ಕಾಲದ ಸಾಮಾಜಿಕ ಚಿತ್ರ ಒಂದೂಮುಕ್ಕಾಲು ಗಂಟೆಗೆ ಮುಗಿದರೆ ಏನೋ ಹೋಗಿದೆ ಎಂದೇ ಅರ್ಥ.

ಮಂಡ್ಯದ ಮೇಡಂ

ಆಪರೇಟರ್ ಸರ್, ಅವಧಿಯ ವಿಷಯ ಹೇಳಿದ್ದು ಉಪಕಾರವಾಯಿತು. ನಾವು ನೋಡಿದ ಒಂದು ಚಿತ್ರದಲ್ಲಿ ನಾಯಕಿ ಬಾವಿಯ ಹತ್ತಿರ ನಿಂತವಳು ಮರುಕ್ಷಣಕ್ಕೆ ಮದುವೆ ಮಂಟಪದಲ್ಲಿದ್ದಳು. ನಡುವೆ ಏನಾಯಿತೆಂದು ಅಮ್ಮ ನೆನಪಿನಿಂದ ಹೇಳಬೇಕಾಯಿತು.

ಗದ್ದೆಯವರೇ, ರಾಜೀವನನ್ನು ಪಂಚಾಯಿತಿ ಕಟ್ಟೆಗೆ ಎಳೆದಿದ್ದು ಓದಿ ಅತ್ತಿಗೆ ಬಹಳ ಹೊತ್ತು ನಕ್ಕರು. ನಿಮ್ಮ ತಂದೆಯವರಿಗೆ ನಮಸ್ಕಾರ ತಿಳಿಸಿ. ಅವರ ಪಕ್ಷವನ್ನೂ ನಾನು ಬಿಟ್ಟುಕೊಡುವುದಿಲ್ಲ: ಲೆಕ್ಕ ಕೇಳಿದವರಿಗೆ ಲೆಕ್ಕ ಕೊಟ್ಟು ಉಳಿಯುವವನಾಗಿದ್ದರೆ ಅವನು ಆ ಕಲ್ಲುನೆಲಕ್ಕೆ ಕೈ ಹಾಕುತ್ತಲೇ ಇರಲಿಲ್ಲ.

ಚಾಮರಾಜಪುರಂ ಓದುಗಿ

ಶರಪಂಜರ ನೋಡಿ ಜಗಳವಾಡಿದ ಮನೆಯಲ್ಲಿ ಯಾರೂ ತ್ರಿವೇಣಿಯವರ ಹೆಸರೆತ್ತಲಿಲ್ಲವೇ? ನಿರ್ದೇಶಿಸಿದ ಪುಟ್ಟಣ್ಣ, ನಟಿಸಿದ ಕಲ್ಪನಾ ಎನ್ನುತ್ತೇವೆ, ಅಲ್ಲಿಗೇ ನಿಲ್ಲುತ್ತೇವೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ ಹೆಣ್ಣುಮಗಳು ಬರೆದ ಕಾದಂಬರಿ ಅದು. ನಿಮ್ಮ ಅಣ್ಣನ ಮಗಳು ಕೇಳಿದ ಪ್ರಶ್ನೆಯನ್ನು ತ್ರಿವೇಣಿ ಅಂದೇ ಕೇಳಿದ್ದರು. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ತಮ್ಮ ಕಾದಂಬರಿಗಳಲ್ಲಿ ಒಂದಾದರೂ ತೆರೆಯ ಮೇಲೆ ಬಂದದ್ದನ್ನು ಅವರು ನೋಡಲಿಲ್ಲ. ನಮ್ಮ ಬಡಾವಣೆಯಲ್ಲಿ ಅವರಿದ್ದ ಮನೆಯನ್ನು ಈಗ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಹುಡುಗಿ ಮೈಸೂರಿನಲ್ಲೇ ಇದ್ದಾಳಲ್ಲ, ಒಮ್ಮೆ ಹೋಗಿ ಬರಲಿ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅವರದೇ ‘ಬೆಳ್ಳಿಮೋಡ’. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರಾದ ಪುಟ್ಟಣ್ಣ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಇಂದಿರೆಯ ತಂದೆಯ ಹಣದಿಂದ ವಿದೇಶಕ್ಕೆ ಹೋಗಿ ಓದಿದ ಮೋಹನ, ಅವಳಿಗೆ ತಮ್ಮ ಹುಟ್ಟಿದ, ಆಸ್ತಿ ಇನ್ನು ಅವಳದಲ್ಲ ಎಂದು ತಿಳಿದೊಡನೆ ಮದುವೆ ಬೇಡ ಎನ್ನುತ್ತಾನೆ. ಮುಂದೆ ಅವನು ಕಾಲು ಮುರಿದುಕೊಂಡಾಗ ಇಂದಿರೆಯೇ ಶುಶ್ರೂಷೆ ಮಾಡುತ್ತಾಳೆ. ಪಶ್ಚಾತ್ತಾಪಪಟ್ಟು ಕೈ ಚಾಚಿದವನಿಗೆ ಒಲ್ಲೆ ಎನ್ನುತ್ತಾಳೆ. ಹುಡುಗಿಯಾಗಿದ್ದಾಗ ನನಗೆ ಆ ‘ಒಲ್ಲೆ’ ತೀರಾ ಕಠಿಣವೆನಿಸಿತ್ತು, ಪಾಪ ಬದಲಾಗಿದ್ದನಲ್ಲ ಎಂದು. ಈಗ ಹಾಗೆನ್ನುವ ಗೆಳತಿಯರನ್ನು ಕಂಡರೆ ನನಗೆ ರೇಗುತ್ತದೆ.

ಆದರೆ ನಿಮ್ಮ ಮನೆಯನ್ನು ನಿಜವಾಗಿ ಇಬ್ಭಾಗ ಮಾಡುವುದು ‘ವಂಶವೃಕ್ಷ’. ಭೈರಪ್ಪನವರ ಕಾದಂಬರಿ, ಕಾರಂತ ಮತ್ತು ಕಾರ್ನಾಡರ ಜೋಡಿ ನಿರ್ದೇಶನ, ಅದಕ್ಕಾಗಿ ಇಬ್ಬರಿಗೂ ರಾಷ್ಟ್ರಪ್ರಶಸ್ತಿ. ನಂಜನಗೂಡು, ಕಪಿಲಾ ನದಿ, ಮೈಸೂರಿನ ಕಾಲೇಜು, ಎಲ್ಲ ನಮ್ಮ ಅಂಗಳದ್ದೇ. ವಿಧವೆ ಕಾತ್ಯಾಯಿನಿ ಓದಲು ಹೋದವಳು ಮರುಮದುವೆಯಾಗುತ್ತಾಳೆ, ಮಗು ಮಾವ ಶ್ರೋತ್ರಿಗಳ ಮನೆಯಲ್ಲೇ ಉಳಿಯುತ್ತದೆ. ಎಲ್.ವಿ. ಶಾರದಾ ಅವರ ಆ ಮುಖವನ್ನು ನೋಡಿದರೆ ಸಾಕು, ಶ್ರೋತ್ರಿಗಳ ದೊಡ್ಡತನದ ಬಗ್ಗೆ ಭಾಷಣ ಮಾಡಲು ಯಾರಿಗೂ ನಾಲಗೆ ಏಳುವುದಿಲ್ಲ. ಕಾದಂಬರಿ ಓದಿ ಶ್ರೋತ್ರಿಗಳ ಪಕ್ಷದಲ್ಲಿದ್ದ ನಾನು ಸಿನಿಮಾ ನೋಡಿ ಈಚೆ ಬಂದೆ, ಮತ್ತೆ ಕಾದಂಬರಿ ಓದಿ ಆಚೆ ಹೋದೆ. ಈಗ ಎಲ್ಲಿದ್ದೇನೆಂದು ಕೇಳಬೇಡಿ. ವಿಷ್ಣುವರ್ಧನ್ ನಾಗರಹಾವಿಗೂ ಮುಂಚೆ ಒಂದು ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡದ್ದು ಇದರಲ್ಲೇ. ಹಾಡಿಗೆ ಮಾತ್ರ ಬರುವ ನಿಮ್ಮ ಅಣ್ಣನನ್ನು ಆ ನೆಪದಲ್ಲಿ ಕೂರಿಸಬಹುದು.

ಕಾದಂಬರಿಗಾರ್ತಿ ವಾಣಿಯವರ ‘ಎರಡು ಕನಸು’ ಬೇಕಾದರೆ ನೋಡಿ, ಶಿವರಾಂಪೇಟೆಯ ರಾಜನ್-ನಾಗೇಂದ್ರರ ಹಾಡುಗಳಿಗಾಗಿ. ಕಟ್ಟಿಕೊಂಡ ಹೆಂಡತಿಯ ಮುಖ ನೋಡದ ಗಂಡನನ್ನು ಸಹನೆಯಿಂದ ಗೆಲ್ಲುವ ಕಥೆ ನನಗಂತೂ ಈಗ ನುಂಗಲಾಗುವುದಿಲ್ಲ.

ಪಿಂಚಣಿದಾರ

‘ತಬರನ ಕಥೆ’. ತೇಜಸ್ವಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ನಿರ್ದೇಶನ, ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಎಂಬ ರಾಷ್ಟ್ರಪ್ರಶಸ್ತಿ. ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿರುವಾಗ ತನ್ನದೇ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುವ ಜವಾನ.

ನಾನು ಗುಮಾಸ್ತನಾಗಿದ್ದಾಗ ಇದನ್ನು ಮೊದಲು ನೋಡಿದೆ. ಪಕ್ಕದ ಕುರ್ಚಿಯವರೊಂದಿಗೆ, ‘ಕಾಗದಪತ್ರ ಸರಿಯಿಲ್ಲದಿದ್ದರೆ ಕಚೇರಿ ಏನು ಮಾಡಲಾದೀತು?’ ಎಂದು ವಾದಿಸಿದವನು ನಾನು. ಆ ಮಾತು ಇವತ್ತಿಗೂ ಪೂರ್ತಿ ಸುಳ್ಳಲ್ಲ, ತಬರನ ಲೆಕ್ಕ ನಿಜಕ್ಕೂ ಗೋಜಲಾಗಿತ್ತು. ನಿವೃತ್ತಿಯ ನಂತರ ಕಟಕಟೆಯ ಈಚೆ ನಿಂತು ನನ್ನ ಕಡತಕ್ಕಾಗಿ ಕಾದೆ. ಆಗ ಸಿನಿಮಾದಲ್ಲಿ ಮೊದಲು ಕಾಣದ ಒಂದು ಸಂಗತಿ ಕಂಡಿತು: ಅಲ್ಲಿ ಯಾವ ಗುಮಾಸ್ತನೂ ದುಷ್ಟನಲ್ಲ. ಎಲ್ಲರೂ ತಮ್ಮ ತಮ್ಮ ನಿಯಮ ಪಾಲಿಸುತ್ತಾರೆ. ಜಗಳವಾಡಲು ಎದುರಾಳಿಯೇ ಸಿಗುವುದಿಲ್ಲ ಮೇಡಂ, ಹಾಗಾಗಿ ಇದು ನಿಮ್ಮ ಭಾನುವಾರಕ್ಕೆ ಹೊಂದುತ್ತದೋ ಇಲ್ಲವೋ.

ಮಂಡ್ಯದ ಮೇಡಂ

ಹೊಂದುತ್ತದೆ ಸರ್. ಅಣ್ಣ ಸರ್ಕಾರಿ ಕಚೇರಿಯಲ್ಲಿದ್ದಾನೆ, ಅವನನ್ನು ಕಟ್ಟಿಹಾಕಿ ಕೂರಿಸುತ್ತೇನೆ.

ಎಲ್ಲ ಉತ್ತರಗಳನ್ನೂ ಅಮ್ಮನಿಗೆ ಓದಿ ಹೇಳಿದೆ. ಈ ಭಾನುವಾರ ‘ವಂಶವೃಕ್ಷ’, ಮುಂದಿನ ವಾರ ‘ತಬರನ ಕಥೆ’ ಎಂದೆ. ‘ನಿಮ್ಮ ವಾದಕ್ಕೆ ನನ್ನ ರಕ್ತದೊತ್ತಡ ಏರುತ್ತಿದೆ, ನಡುವೆ ಒಂದು ನಗುವ ಸಿನಿಮಾ ಇಡದಿದ್ದರೆ ನಾನು ಪಕ್ಕದ ಮನೆಗೆ ಹೋಗಿ ಧಾರಾವಾಹಿ ನೋಡುತ್ತೇನೆ’ ಎಂದು ಎಚ್ಚರಿಕೆ ಕೊಟ್ಟಿದ್ದಾರೆ. ಒಂದು ಹೆಸರು ಹೇಳಿ.

ಹಳೆಯ ಆಪರೇಟರ್

‘ಗುರು ಶಿಷ್ಯರು’, 1981. ದ್ವಾರಕೀಶ್ ಮತ್ತು ಬಳಗದ ದಡ್ಡ ಶಿಷ್ಯರು. ನೀವು ಮೇಷ್ಟರಾದ್ದರಿಂದ ಯಾರ ಪಕ್ಷ ಎಂಬ ಪ್ರಶ್ನೆಯೇ ಏಳುವುದಿಲ್ಲ.