ವೀಲ್ ನಟ್ ಹಿಡ್ಕೊಳ್ಳೋದು: ತಪ್ಪು ಧೂಳಿಂದಾ, ಗನ್ನಿಂದಾ?

ಪ್ರಶ್ನೆ (ತೋರಣಗಲ್ಲು): ಸ್ವಿಫ್ಟ್ ಕಾರು, ದಿನಾ ಅದಿರು ಲಾರಿ ಓಡಾಡೋ ರಸ್ತೆ. ಪಂಕ್ಚರ್ ಆದಾಗ ಡಿಕ್ಕಿಯೊಳಗಿನ ಪಾನಾ ಹಾಕಿ ಮ್ಯಾಲೆ ನಿಂತ್ರೂ ಎರಡು ನಟ್ ಅಲುಗಲಿಲ್ಲ. ಕೆಂಪು ಧೂಳಿಗೆ ಹಿಡ್ಕೊಂಡಾವು ಅಂತಾರ. ಮುಂದ ಹಿಂಗಾಗಬಾರದು ಅಂದ್ರ ಗ್ರೀಸ್ ಹಚ್ಚಿದ್ರ ಸಾಕೇನು?

ಉತ್ತರ (ಟೈರ್, ಅಲೈನ್‌ಮೆಂಟ್ ಕೆಲಸ, ಬಳ್ಳಾರಿ): ಗ್ರೀಸ್ ಬ್ಯಾಡ್ರಿ. ಧೂಳಿನ ಪಾಲು ಐತಿ, ಆದ್ರ ಮೊದಲ ಕಾರಣ ಅದಲ್ಲ. ಅದಿರಿನ ಧೂಳು ಅಂದ್ರ ಆಗಲೇ ಆಕ್ಸೈಡ್ ಆದ ಕಬ್ಬಿಣ, ತಾನಾಗಿ ನಟ್ ತಿನ್ನೋದಿಲ್ಲ. ಥ್ರೆಡ್ (ನಟ್ಟಿನ ಸುರುಳಿ ಗೆರೆ) ಸಂದಿಯೊಳಗ ಕೂತು ತೇವ ಹಿಡಿದಿಡ್ತದ, ನಟ್ ತಿರುಗುವಾಗ ಎಮರಿ ಪುಡಿಯಂಗ ಥ್ರೆಡ್ ಗೀರ್ತದ.

ಮೊದಲ ಕಾರಣ ಏರ್ ಗನ್, ಅಂದ್ರ ಟೈರ್ ಅಂಗಡ್ಯಾಗ ಗಾಳಿ ಒತ್ತಡದಿಂದ ನಟ್ ಬಿಗಿಯೋ ಯಂತ್ರ. ಲೆಕ್ಕ ನೋಡ್ರಿ: 65 ಕೆಜಿ ತೂಕದವರು 30 ಸೆಂ.ಮೀ ಪಾನಾದ ತುದಿಗೆ ನಿಂತ್ರ ನಟ್ ಮ್ಯಾಲೆ ಸುಮಾರು 190 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸೋ ಬಲ) ಬೀಳ್ತದ. ಮಾರುತಿ ಸಣ್ಣ ಕಾರಿಗೆ ಬೇಕಾದ ಬಿಗಿ ಹಳೇವಕ್ಕ 85, ಈಚಿನವಕ್ಕ 100. 190ಕ್ಕೂ ಅಲುಗಲಿಲ್ಲ ಅಂದ್ರ ಬರೇ ತುಕ್ಕಲ್ಲ, ಕೂರಿಸಿದವರೇ ಮಿತಿ ಮೀರಿ ಬಿಗಿದಿರಬೇಕು. ಅರ್ಧ ಇಂಚಿನ ಗನ್ನಿಗೆ 400–500 ದಾಟೋದು ಕಷ್ಟ ಅಲ್ಲ, ಮತ್ತ ಎಷ್ಟು ಬಿಗೀತು ಅಂತ ಅದು ಹೇಳೋದೂ ಇಲ್ಲ. ಹಂಗ ಬಿಗಿದ್ರ ಎಂ12 ಸ್ಟಡ್ (ನಟ್ ಹತ್ತೋ 12 ಮಿ.ಮೀ ಕಡ್ಡಿ) ಎಳೆದು ಉದ್ದ ಆಗ್ತದ, ಥ್ರೆಡ್ ಪಿಚ್ (ಗೆರೆಗಳ ಅಂತರ) ಕೆಡ್ತದ. ಆಮ್ಯಾಲೆ ಹೊಸ ನಟ್ ಸುದ್ದಾ ಅದೇ ಜಾಗದಾಗ ಕಚ್ಚತದ.

ಪ್ರಶ್ನೆ (ಅದೇ): ಹಂಗಾದ್ರ ಬಿಗಿಯೋದು ಹೆಂಗ್ರಿ?

ಉತ್ತರ: ಚಕ್ರ ಬಿಚ್ಚಿದಾಗ ಸ್ಟಡ್‌ಗೆ ತಂತಿ ಬ್ರಷ್ ಹಾಕ್ರಿ, ನಟ್ ಒಳಗಿನ ಥ್ರೆಡ್‌ಗೆ ಹಳೇ ಟೂತ್‌ಬ್ರಷ್. ಆಮೇಲೆ ಬ್ರೇಕ್ ಕ್ಲೀನರ್ ಹೊಡೆದು ಒಣಬಟ್ಟೆಯಿಂದ ಒರೆಸ್ರಿ. ಪ್ರತಿ ನಟ್ ಬೆರಳಿಂದನ ನಾಲ್ಕೈದು ಸುತ್ತು ಹತ್ತಬೇಕು. ಬೆರಳಿಗೆ ಹತ್ತದ ನಟ್ ಗನ್ನಿಗೂ ಹತ್ತಿಸಬಾರದು, ಕ್ರಾಸ್ ಥ್ರೆಡ್ ಆಗೋದು (ನಟ್ ಓರೆಯಾಗಿ ಹತ್ತೋದು) ಅಲ್ಲೇ. ಚಕ್ರ ಎತ್ತಿದಾಗಲೇ ಎದುರುಬದುರು ಕ್ರಮದಾಗ ಪಾನಾದಿಂದ ಹದವಾಗಿ ಕೂಡಿಸಿ, ಜ್ಯಾಕ್ ಇಳಿಸಿ ಟೈರ್ ನೆಲ ಮುಟ್ಟಿದ ಮ್ಯಾಲೆ ಟಾರ್ಕ್ ರೆಂಚ್ (ಇಟ್ಟ ಅಂಕಿ ಮುಟ್ಟಿದಾಗ ‘ಕ್ಲಿಕ್’ ಅನ್ನೋ ಪಾನಾ) ಹಿಡೀರಿ. ಮೊದಲು 50, ಆಮೇಲೆ ಪೂರ್ತಿ. ‘ಕ್ಲಿಕ್’ ಅಂದ ಮ್ಯಾಲೆ ಖಾತ್ರಿಗೆ ಇನ್ನೊಂದು ಎಳೆತ ಎಳೆಯೋ ಚಟ ಬಿಡ್ರಿ. 80–100 ಕಿ.ಮೀ ಓಡಿದ ಮ್ಯಾಲೆ ಮತ್ತೊಮ್ಮೆ ಪರೀಕ್ಷೆ.

ಈಚಿನ ಹುಂಡೈ ಕಾರುಗಳಿಗೆ 107ರಿಂದ 127, ಇನ್ನೋವಾಕ್ಕ 103. ಫೋಕ್ಸ್‌ವ್ಯಾಗನ್, ಸ್ಕೋಡಾದಾಗ ನಟ್ ಅಲ್ಲ, ಬೋಲ್ಟು: 120. ನಿಮ್ಮ ಮಾಡೆಲ್ ಪುಸ್ತಕದಾಗಿನ ಅಂಕೀನ ಕೊನೇ ಮಾತು. ರೆಂಚ್ 40–200 ವ್ಯಾಪ್ತೀದು ಸಾಕು. ಕೆಲಸ ಮುಗಿದ ಮ್ಯಾಲೆ ಕನಿಷ್ಠ ಅಂಕಿಗೆ ಇಳಿಸಿ ಇಡ್ರಿ, ಇಲ್ಲಾಂದ್ರ ಸ್ಪ್ರಿಂಗ್ ದಣಿದು ಸುಳ್ಳು ಹೇಳ್ತದ.

ಮತ್ತೊಬ್ಬರು (ವರ್ಕ್‌ಶಾಪ್, ಕೊಪ್ಪಳ): ಗ್ರೀಸ್ ಬೇಡ ಅನ್ನೋದು ಸರಿ. ಆದರೆ ಆ್ಯಂಟಿ-ಸೀಜ್ (ಲೋಹ ಹಿಡಿದುಕೊಳ್ಳದಂತೆ ಹಚ್ಚುವ ಪೇಸ್ಟ್) ಒಂದು ಚೂರು ಥ್ರೆಡ್‌ಗೆ ಹಚ್ಚಿದರೆ ತಪ್ಪೇನು? ಬಹಳಷ್ಟು ಕಡೆ ಹಚ್ಚುತ್ತಾರೆ.

ಉತ್ತರ (ಬಳ್ಳಾರಿ): ಹಚ್ತಾರ, ಹೌದು. ಹಚ್ಚಿ ಅದೇ 100ಕ್ಕ ಬಿಗೀತಾರಲ್ಲ, ತಕರಾರು ಅಲ್ಲಿ. ಹಾಕಿದ ಟಾರ್ಕಿನಾಗ ಸುಮಾರು ಹತ್ತನೇ ಒಂದು ಪಾಲು ಮಾತ್ರ ಸ್ಟಡ್ ಎಳೆಯೋಕ ಹೋಗ್ತದ, ಉಳಿದದ್ದೆಲ್ಲ ನಟ್ ಮುಖ ಮತ್ತ ಥ್ರೆಡ್ಡಿನ ಘರ್ಷಣೆಗೆ. ಕಂಪನಿ ಅಂಕಿ ಒಣ ಥ್ರೆಡ್ಡಿಗೆ ಕೊಟ್ಟದ್ದು. ಜಾರಿಕೆ ಬಂದ್ರ ಅದೇ ಅಂಕಿಗೆ ಸ್ಟಡ್ ಭಾಳ ಹೆಚ್ಚು ಎಳೀತದ. ನಟ್ಟಿನ ಶಂಕುಮುಖಕ್ಕ ಹತ್ತಿದ್ರಂತೂ ಇನ್ನೂ ಕೆಟ್ಟದ್ದು. ಒಣ ಇಡೋದೇ ನನ್ನ ಮಾತು.

ಕೊಪ್ಪಳ: ಒಪ್ಪಿದೆ. ಹಬ್ಬಿಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ಹಚ್ಚುವುದು ಬೇರೆ ವಿಷಯ, ಅಲ್ಲಿ ಬೇಕೇ ಬೇಕು.

ಪ್ರಶ್ನೆ (ಗಂಗಾವತಿ): ನಮ್ದು ಅದೇ ಕಥಿ. ನಟ್ ಬಿಚ್ಚಿದ್ರೂ ಅಲಾಯ್ ಚಕ್ರ ಬರವಲ್ದು. ಗದ್ದೆ ದಾರಿ, ತೊಳಿಯೋದು ಬೋರ್ ನೀರಿಂದ.

ಉತ್ತರ (ಕೊಪ್ಪಳ): ಅಲ್ಯೂಮಿನಿಯಂ ಚಕ್ರ, ಉಕ್ಕಿನ ಹಬ್, ನಡುವೆ ಉಪ್ಪು ಸೇರಿದ ತೇವ. ಎರಡು ಲೋಹ ಮುಟ್ಟಿಕೊಂಡಿರುವಾಗ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಹಬ್ಬಿನ ಸುತ್ತ ಗಟ್ಟಿಯಾಗುತ್ತದೆ. ನಾಲೆ ಕೆಳಗಿನ ಸವುಳು ಭೂಮಿಯ ಬೋರ್ ನೀರಿನಿಂದ ತೊಳೆದು ಹಾಗೇ ನಿಲ್ಲಿಸಿದರೆ ನೀರು ಆರಿ ಉಪ್ಪು ಅಲ್ಲೇ ಉಳಿಯುತ್ತದೆ. ಕೊನೆಗೊಮ್ಮೆ ಸಿಹಿನೀರು ಹಾಕಿ, ಎರಡು-ಮೂರು ಕಿ.ಮೀ ಓಡಿಸಿ ನಿಲ್ಲಿಸಿ. ಬ್ರೇಕಿನ ಕಾವಿಗೆ ಒಣಗುತ್ತದೆ.

ಈಗ ಬಿಡಿಸಲು: ನಟ್ ಎಲ್ಲವನ್ನೂ ಅರ್ಧ ಸುತ್ತು ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಸಮತಟ್ಟು ಜಾಗದಲ್ಲಿ ಎರಡು ಮೀಟರ್ ಹಿಂದೆ ಮುಂದೆ ನಿಧಾನ ಓಡಿಸಿ ಬ್ರೇಕ್ ಹಾಕಿ, ‘ಟಕ್’ ಎಂದು ಬಿಡುತ್ತದೆ. ಬಿಡದಿದ್ದರೆ ಟೈರಿನ ಒಳಬದಿಗೆ ಮರದ ಕೊಡತಿ. ಅಲಾಯ್ ಮೇಲೆ ಕಬ್ಬಿಣದ ಸುತ್ತಿಗೆ ಬೇಡ.

ಬಂದ ಮೇಲೆ ಹಬ್ಬಿನ ಮುಖ, ನಡುವಿನ ಉಬ್ಬು, ಚಕ್ರದ ನಡುಗುಂಡಿ ಮೂರನ್ನೂ ಉಜ್ಜಿ ಲೋಹ ಕಾಣುವಂತೆ ಮಾಡಿ. ಅಲ್ಯೂಮಿನಿಯಂ ಅಥವಾ ಸೆರಾಮಿಕ್ ಆಧಾರದ ಆ್ಯಂಟಿ-ಸೀಜ್ ಅನ್ನು ಬಟ್ಟೆಯ ತುದಿಯಲ್ಲಿ ತೆಗೆದು ನಡುವಿನ ಉಬ್ಬಿಗೆ ಸವರಿ, ಬಣ್ಣ ಮಾತ್ರ ಕಾಣಬೇಕು. ತಾಮ್ರದ್ದು ಅಲಾಯ್‌ಗೆ ಬೇಡ. ಡಿಸ್ಕ್, ಎಬಿಎಸ್ ಸೆನ್ಸರ್, ಸ್ಟಡ್ ಯಾವುದಕ್ಕೂ ತಾಗಬಾರದು. 10,000 ಕಿ.ಮೀಗೊಮ್ಮೆ ಚಕ್ರಗಳ ಜಾಗ ಅದಲುಬದಲು ಮಾಡಿ ಕೂರಿಸುವಾಗ ಇದೇ ಕೆಲಸ. ವರ್ಷಗಟ್ಟಲೆ ಬಿಚ್ಚದ ಚಕ್ರವೇ ಹಿಡಿದುಕೊಳ್ಳುವುದು.

ಪ್ರಶ್ನೆ (ಶಕ್ತಿನಗರ): ಹಿಡಿದ ನಟ್‌ಗೆ ಗ್ಯಾಸ್ ಕಾವು ಕೊಡಬಹುದಾ?

ಉತ್ತರ (ಬಳ್ಳಾರಿ): ಟೈರ್ ಇರೋ ಚಕ್ರಕ್ಕ ಬೆಂಕಿ ತೋರಿಸಲೇಬ್ಯಾಡ್ರಿ. ಟೈರ್ ಸಿಡೀತದ, ಬೇರಿಂಗ್ ಗ್ರೀಸ್ ಹೋಗ್ತದ, ಅಲಾಯ್ ಮೆತ್ತಗಾಗ್ತದ. ಸಂದಿಯೊಳಗ ಇಳಿಯೋ ಪೆನೆಟ್ರೇಟಿಂಗ್ ಎಣ್ಣಿ ಸಿಂಪಡಿಸಿ ಅರ್ಧ ತಾಸು ಬಿಡ್ರಿ. ಆರು ಮೂಲೆ ಸಾಕೆಟ್ ಹಾಕ್ರಿ, ಹನ್ನೆರಡು ಮೂಲೇದು ನಟ್ ಮೂಲೆ ಉರುಟಾಗಿಸ್ತದ. ಸಾಕೆಟ್ ಅಳತೆ ಮಾರುತಿಗೆ 19 ಮಿ.ಮೀ, ಹುಂಡೈ, ಇನ್ನೋವಾಕ್ಕ 21. 60 ಸೆಂ.ಮೀ ಬ್ರೇಕರ್ ಬಾರ್ (ಉದ್ದ ಹಿಡಿಕೆ) ಹಿಡಿದು, ಚಕ್ರ ನೆಲದ ಮ್ಯಾಲೆ ಇರುವಾಗಲೇ, ಮೊದಲು ಬಿಗಿಯೋ ಕಡೆ ಕೂದಲೆಳೆ ಅಲುಗಿಸಿ ಆಮೇಲೆ ಬಿಚ್ಚೋ ಕಡೆ ಒಂದೇ ಸಮ ಎಳೀರಿ. ಜಿಗಿದು ಒದೆಯೋದು ಬ್ಯಾಡ. ಸ್ಟಡ್ ಕಟ್ ಆದ್ರ ಅದೊಂದೇ ಅಲ್ಲ, ಅಕ್ಕಪಕ್ಕದವೂ ಹೆಚ್ಚು ಭಾರ ಹೊತ್ತಿರ್ತಾವ, ಅವನ್ನೂ ನೋಡಿಸ್ರಿ. ಹಿಂಗ ಬಿಚ್ಚಿದ ನಟ್ ತಿರುಗಿ ಹಾಕಬ್ಯಾಡ್ರಿ. ಹೊಸದಕ್ಕ ಮುಖದ ಆಕಾರ ಅದೇ ಇರಬೇಕು: ಶಂಕು ಬೇರೆ, ಚಪ್ಪಟೆ ಬೇರೆ.

ಪ್ರಶ್ನೆ (ಗಂಗಾವತಿ): ಕಳ್ಳರಿಗೆ ಅಂತ ಲಾಕ್ ನಟ್ ಹಾಕಿಸೀನಿ. ಅದಕ್ಕೂ ಇದೇನಾ?

ಉತ್ತರ (ಬಳ್ಳಾರಿ): ಬಿಗಿಯೋ ಅಂಕಿ ಅದೇ, ಗನ್ ಮಾತ್ರ ಅದಕ್ಕ ಮುಟ್ಟಿಸಬಾರದು. ಅದನ್ನ ಬಿಚ್ಚೋ ವಿಶೇಷ ಕೀಲಿಯ ಹಲ್ಲು ತೆಳು, ಒಂದೇ ಏಟಿಗೆ ಮುರೀತಾವು. ಟೈರ್ ಅಂಗಡಿಗೆ ಹೋದಾಗ ಮೊದಲೇ ಹೇಳ್ರಿ. ಕೀಲಿ ಸ್ಟೆಪ್ನಿ ಜತಿಗೆ ಇರಲಿ, ಮನ್ಯಾಗ ಇಟ್ರ ದಾರ್ಯಾಗ ಪಂಕ್ಚರ್ ಆದಾಗ ಕಳ್ಳನಷ್ಟೇ ನೀವೂ ಹೊರಗ.